ಕೇಳದ ಕಾಗದ

ಕಳೆದ ಸೋಮವಾರ ನಮ್ಮ ಆರೋಗ್ಯ ಕೇಂದ್ರದ ಡಾಕ್ಟರ ಮೂಲಕ ನನಗೊಂದು ಇಮೇಲ್ ಬಂತು. ಮುಂದಿನ ಜಾಗತಿಕ ಆರೋಗ್ಯ ಸಮ್ಮೇಳನದ ಮೊದಲ ದಿನ ನನ್ನ ಕೈಕೆಳಗೆ ಕೆಲಸ ಮಾಡಿದ್ದ ಒಬ್ಬ ನರ್ಸಿನ ಭಾವಚಿತ್ರವನ್ನು ಪರದೆಯ ಮೇಲೆ ತೋರಿಸುತ್ತಾರಂತೆ. ಅವಳ ಬಗ್ಗೆ ನೂರು ಪದಗಳಲ್ಲಿ ಬರೆದು, ಒಂದು ಫೋಟೋ ಲಗತ್ತಿಸಿ, ಶುಕ್ರವಾರದ ಒಳಗೆ ಕಳಿಸಬೇಕು. ನಾನು ಬುಧವಾರವೇ ಬರೆದು ಮುಗಿಸಿದೆ. ಎಣಿಸಿದೆ, ಸರಿಯಾಗಿ ನೂರು. ಆ ನೂರರಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬದಿಯಡ್ಕದಿಂದ ಒಳಗಿನ ಊರುಗಳಿಗೆ ಹೋಗುವ ಯಾವ ಜೀಪಿನಲ್ಲಿ ವಿಚಾರಿಸಿದರೂ ಅವಳು 'ಸಿಸ್ಟರ್', ಅಷ್ಟೆ. ಪಂಚಾಯತಿನ ಪಾಲಿಯೇಟಿವ್ ನರ್ಸ್. ಹಾಸಿಗೆ ಹಿಡಿದವರ, ಗುಣವಾಗದ ಕಾಯಿಲೆಯವರ ಮನೆಗೆ ಹೋಗಿ ಹುಣ್ಣು ತೊಳೆಯುವುದು, ಮೂತ್ರದ ನಳಿಗೆ ಬದಲಿಸುವುದು, ನೋವಿನ ಮಾತ್ರೆ ಕೊಡುವುದು ಅವಳ ಕೆಲಸ. ನಾನು ಅದೇ ಭಾಗದಲ್ಲಿ ನರ್ಸಿಂಗ್ ಸೂಪರ್‌ವೈಸರ್ ಆಗಿದ್ದೆ. ಸೇವೆಯ ಕೊನೆಯ ಆರು ವರ್ಷ ಅವಳ ಮೇಲಧಿಕಾರಿ. ಆಮೇಲೆ ಹತ್ತು ವರ್ಷ ಏನಾಗಿದ್ದೆನೋ ನನಗೆ ಗೊತ್ತಿಲ್ಲ. ಕೊನೆಯವರೆಗೂ ಅವಳು ನನ್ನನ್ನು 'ಮೇಡಂ' ಎಂದೇ ಕರೆದಳು.

ಮೊದಲ ಸಲ ನಾನು ಅವಳನ್ನು ಕಂಡದ್ದು ಬೈಯಲಿಕ್ಕೆಂದು ಹೋದಾಗ. ಎರಡು ತಿಂಗಳ ವರದಿ ಬಾಕಿ ಇಟ್ಟಿದ್ದಳು. ನಾನು ಕಲಿತ ನರ್ಸಿಂಗ್ ಹಾಸ್ಟೆಲಿನಲ್ಲಿ ಹಾಸಿಗೆಯ ಚಾದರದ ಮೂಲೆಯನ್ನು ಸರಿಯಾಗಿ ಮಡಚದವಳಿಗೆ ಬೆಳಗಿನ ಚಹಾ ಇರಲಿಲ್ಲ. ವರದಿ ಬಾಕಿ ಎಂದರೆ ನನಗೆ ಮೈ ಉರಿಯುತ್ತಿತ್ತು.

"ವರದಿ ಎಲ್ಲಿ?" ಎಂದೆ.

"ಗೋಡೆಯಲ್ಲಿ ಉಂಟು ಮೇಡಂ."

"ತಮಾಷೆ ಮಾಡ್ತೀಯಾ?"

"ಅಲ್ಲ ಮೇಡಂ, ನಿಜವಾಗಿ ಗೋಡೆಯಲ್ಲಿ ಉಂಟು. ಜೀಪು ಹೊರಟಿದೆ, ಬನ್ನಿ."

ಜೀಪು ನಿಂತಲ್ಲಿಂದ ಗೇರುಮರಗಳ ನಡುವೆ ಏರು ಹತ್ತಿ ಒಂದು ಮನೆಗೆ ಕರೆದುಕೊಂಡು ಹೋದಳು. ಕಮಲಕ್ಕನ ಮನೆ. ಕಮಲಕ್ಕನ ಮಗ ಹುಟ್ಟಿದಂದಿನಿಂದ ಎದ್ದು ಕೂತವನಲ್ಲ. ಆಗ ಅವನಿಗೆ ಹತ್ತೊಂಬತ್ತು ದಾಟಿತ್ತು. ಕಮಲಕ್ಕನಿಗೆ ಓದು ಬರಹ ಬಾರದು. ಅವನ ಚಾಪೆಯ ಪಕ್ಕದ ಗೋಡೆಯಲ್ಲಿ ಚಿನ್ನದಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತು. ಪ್ರತಿ ತಾರೀಕಿನ ಚೌಕದಲ್ಲಿ ಒಲೆಯ ಮಸಿಯಿಂದ ಇಟ್ಟ ಬೊಟ್ಟುಗಳು. ಒಂದು ಬೊಟ್ಟು ಎಂದರೆ ಅಂದು ಮಗ ನೋವಿನಿಂದ ನರಳಿದ್ದಾನೆ. ಎರಡು ಎಂದರೆ ನಿದ್ದೆ ಮಾಡಲಿಲ್ಲ. ಮೂರು ಎಂದರೆ ಫಿಟ್ಸ್ ಬಂತು. ಬೊಟ್ಟಿಲ್ಲದ ಚೌಕ ಎಂದರೆ ಒಳ್ಳೆಯ ದಿನ.

ಅವಳು ಚಪ್ಪಲಿ ಕಳಚಿ ನೆಲದ ಮೇಲೆ ಚಾಪೆಯ ಮಟ್ಟಕ್ಕೆ ಕೂತಳು. ಹುಡುಗನನ್ನು ಮಾತಾಡಿಸುವ ಮೊದಲು ಕ್ಯಾಲೆಂಡರನ್ನು ಓದಿದಳು. "ಕಮಲಕ್ಕಾ, ಹೋದ ಶನಿವಾರ ಮೂರು ಬೊಟ್ಟು. ಎಂತ ಆಯ್ತು?" ಕಮಲಕ್ಕ ಹೇಳತೊಡಗಿದಳು. ತುಳುವಿನಲ್ಲಿ, ತಡೆಯಿಲ್ಲದೆ, ಕಾಲು ಗಂಟೆ. ನಾನು ಮೂವತ್ತು ವರ್ಷ ಎಷ್ಟೋ ವಾರ್ಡುಗಳಲ್ಲಿ ರೋಗಿಯ ತಲೆದೆಸೆಯಲ್ಲಿ ತೂಗುವ ಚಾರ್ಟು ಓದಿದವಳು. ಇದಕ್ಕಿಂತ ಸರಿಯಾದ ಚಾರ್ಟನ್ನು ನೋಡಿದ ನೆನಪಿಲ್ಲ. ಹಿಂದೆ ಬರುವಾಗ ಜೀಪಿನಲ್ಲಿ, "ಆದರೂ ವರದಿ ಕಾಗದದಲ್ಲಿ ಬೇಕು" ಎಂದೆ. "ಬರೀತೇನೆ ಮೇಡಂ" ಎಂದಳು. ಬರೆದಳು, ಒಂದು ವಾರ ತಡವಾಗಿ.

ಅವಳ ಚೀಲದಲ್ಲಿ ಸರಕಾರ ಕೊಟ್ಟ ಸಾಮಾನಿನ ಜೊತೆ ಒಂದು ಉಗುರು ಕತ್ತರಿ ಇರುತ್ತಿತ್ತು. ಡ್ರೆಸ್ಸಿಂಗ್ ಎಲ್ಲ ಮುಗಿದ ಮೇಲೆ ಕೊನೆಯದಾಗಿ ರೋಗಿಯ ಉಗುರು ಕತ್ತರಿಸುವಳು. ಜೀಪಿನ ಡ್ರೈವರ್ ಹಾರ್ನ್ ಹಾಕಿದರೆ ಒಳಗಿಂದ ಕೂಗುವಳು: "ಇನ್ನು ಎರಡು ಬೆರಳು ಉಂಟು ಮಾರಾಯ, ಸುಮ್ಮನೆ ಕೂತುಕೊ!" ಉಗುರು ಯಾಕೆ, ಮನೆಯವರು ಕತ್ತರಿಸಲಾರರೇ ಎಂದು ನಾನು ಕೇಳಿದ್ದೆ. "ಕತ್ತರಿಸ್ತಾರೆ ಮೇಡಂ. ಆದರೆ ಉಗುರು ತೆಗೆಯುವಾಗ ಎಲ್ಲರೂ ಮಾತಾಡ್ತಾರೆ. ಹುಣ್ಣು ತೊಳೆಯುವಾಗ ಯಾರು ಮಾತಾಡ್ತಾರೆ?"

ನಮ್ಮ ಭಾಗದಲ್ಲಿ ವರ್ಷಕ್ಕೊಮ್ಮೆ ಇಂಥ ರೋಗಿಗಳ, ಮನೆಯವರ ಸೇರುವಿಕೆ ನಡೆಯುತ್ತದೆ. ಒಂದು ವರ್ಷ ಅದನ್ನು ವಿದ್ಯಾನಗರದ ಒಂದು ಹವಾನಿಯಂತ್ರಿತ ಸಭಾಂಗಣದಲ್ಲಿ ನಡೆಸೋಣ ಎಂದು ನಾನು ಬರೆದು ಕಳಿಸಿದೆ. ಜಿಲ್ಲೆಯ ಕಚೇರಿಗಳೆಲ್ಲ ಅಲ್ಲೇ. ಅಧಿಕಾರಿಗಳು ಸಮಯಕ್ಕೆ ಬರುತ್ತಾರೆ, ಕಾರ್ಯಕ್ರಮ ಸಮಯಕ್ಕೆ ಮುಗಿಯುತ್ತದೆ. ಅವಳು ಮರುದಿನ ಆರೋಗ್ಯ ಕೇಂದ್ರದ ಖಾಲಿ ವೀಲ್‌ಚೇರ್ ಒಂದನ್ನು ಜೀಪಿಗೆ ಹಾಕಿಸಿಕೊಂಡು ವಿದ್ಯಾನಗರಕ್ಕೆ ಹೋದಳು. ಸಭಾಂಗಣದ ಗೇಟಿನಿಂದ ವೇದಿಕೆಯವರೆಗೆ ಅದನ್ನು ತಾನೇ ದೂಡಿದಳಂತೆ. ಮಧ್ಯಾಹ್ನ ನನ್ನ ಮೇಜಿನ ಎದುರು ಬಂದು ನಿಂತಳು.

"ಆಗ್ಲಿಕ್ಕಿಲ್ಲ ಮೇಡಂ. ಬಾಗಿಲಲ್ಲಿ ಏಳು ಮೆಟ್ಟಿಲು. ಶೌಚಾಲಯದ ಬಾಗಿಲಲ್ಲಿ ಕುರ್ಚಿ ಸಿಕ್ಕಿಕೊಂಡಿತು."

"ನಾಲ್ಕು ಮಂದಿ ಹಿಡಿದು ಎತ್ತಿದರೆ ಆಯ್ತಲ್ಲ."

"ಎತ್ತಬಹುದು. ನಿಮ್ಮನ್ನು ನಾಲ್ಕು ಮಂದಿ ಎತ್ತಿಕೊಂಡು ಶೌಚಾಲಯಕ್ಕೆ ಹೋದರೆ ನಿಮಗೆ ಹೇಗಾಗ್ತದೆ?"

ನಾನು ಕನ್ನಡಕ ತೆಗೆದು ಒರೆಸಿದೆ. ಅವಳು ಮುಂದುವರಿಸಿದಳು: "ಆಫೀಸರರಿಗೆ ಕಾರು ಉಂಟು. ಅವರು ಬದಿಯಡ್ಕಕ್ಕೆ ಬರಲಿ. ಕಮಲಕ್ಕನಿಗೆ ಎಂತ ಉಂಟು?"

ಆ ವರ್ಷ ಬದಿಯಡ್ಕದ ಒಂದು ಶಾಲೆಯ ನೆಲಮಟ್ಟದ ಕೋಣೆಗಳಲ್ಲಿ ಸಭೆ ನಡೆಯಿತು. ಅವಳು ಇನ್ನೊಂದು ಕೆಲಸ ಮಾಡಿದಳು. ಅಧ್ಯಕ್ಷರ ಭಾಷಣಕ್ಕಿಂತ ಮೊದಲು ಮೈಕನ್ನು ಕಮಲಕ್ಕನ ಕೈಗೆ ಕೊಟ್ಟಳು. ಕಮಲಕ್ಕ ತುಳುವಿನಲ್ಲಿ ಮಾತಾಡಿದಳು. ಇವಳು ಪಕ್ಕದಲ್ಲಿ ನಿಂತು ಅಧಿಕಾರಿಗಳಿಗೆ ಅರ್ಥವಾಗಲೆಂದು ಮಲಯಾಳದಲ್ಲಿ ಹೇಳಿದಳು, ಮತ್ತೆ ಕನ್ನಡದಲ್ಲಿ. ಕಾರ್ಯಕ್ರಮ ಒಂದೂವರೆ ಗಂಟೆ ತಡವಾಯಿತು. ನಾನು ಹಿಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಆಮೇಲೆ ಯಾವಾಗಲೋ ನೋಡುವುದನ್ನು ಬಿಟ್ಟೆ. ಅಂದಿನಿಂದ ಯಾವ ಸಭೆಗೂ ಜಾಗ ಗೊತ್ತು ಮಾಡುವ ಮೊದಲು ಅವಳು ಖಾಲಿ ವೀಲ್‌ಚೇರ್ ದೂಡಿ ನೋಡುವುದು ಕ್ರಮವಾಯಿತು.

ನಾಲ್ಕು ವರ್ಷದ ಹಿಂದೆ ಆರೋಗ್ಯ ಕೇಂದ್ರಕ್ಕೆ ಈಗಿನ ಡಾಕ್ಟರ್ ಬಂದರು. ತರುಣಿ, ಚುರುಕು. ಕ್ಯಾಲೆಂಡರಿನ ಸಂಗತಿ ಕೇಳಿ ಅದನ್ನು ಇಂಗ್ಲಿಷಿನಲ್ಲಿ ಬರೆದು ಸಿಸ್ಟರ ಹೆಸರನ್ನೇ ಮೊದಲು ಹಾಕಿ ಒಂದು ಜಾಗತಿಕ ಸಮ್ಮೇಳನಕ್ಕೆ ಕಳಿಸಿದರು. ಒಪ್ಪಿಗೆ ಬಂತು. ಯುರೋಪಿನ ಒಂದು ದೊಡ್ಡ ನಗರದಲ್ಲಿ ಸಮ್ಮೇಳನ. ಬಡ ದೇಶಗಳ ಆರೋಗ್ಯ ಕಾರ್ಯಕರ್ತರ ದನಿ ಕೇಳಬೇಕೆಂಬುದೇ ಆ ವರ್ಷದ ವಿಷಯ. ವಿಮಾನದ ಟಿಕೆಟು, ಉಳಿಯುವ ವ್ಯವಸ್ಥೆ ಎಲ್ಲ ಅವರದೇ. ಹತ್ತು ನಿಮಿಷ ಮಾತಾಡಬೇಕು.

ಅವಳು ಮಂಗಳೂರಿನಿಂದ ಆಚೆ ಹೋದವಳಲ್ಲ. ನಾಯ್ಮಾರ್ಮೂಲೆಯ ನನ್ನ ಮನೆಗೆ ಬಂದು ಆ ಪತ್ರವನ್ನು ಊಟದ ಮೇಜಿನ ಮೇಲೆ ಇಟ್ಟಳು. "ಮೇಡಂ, ಇದರ ಕಾಗದಪತ್ರ ನೀವೇ ಮಾಡಿಕೊಡಬೇಕು. ನಾನು ಮಾಡಿದರೆ ತಡವಾಗ್ತದೆ, ನಿಮಗೆ ಗೊತ್ತುಂಟಲ್ಲ."

ನಾನು ಸಂತೋಷದಿಂದ ಒಪ್ಪಿದೆ. ಅರ್ಜಿ ತುಂಬುವುದು ನನಗೆ ಬರುವ ಕೆಲಸ. ವೀಸಾಕ್ಕೆ ಹನ್ನೊಂದು ದಾಖಲೆ ಕೇಳಿದ್ದರು. ಹನ್ನೊಂದನ್ನೂ ಅವರು ಹೇಳಿದ ಕ್ರಮದಲ್ಲೇ ಜೋಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿದೆ. ಮದುವೆಯ ದಾಖಲೆ: ಇಲ್ಲ. ಮಕ್ಕಳು: ಇಲ್ಲ. ಸ್ವಂತ ಮನೆ, ಜಾಗ: ಇಲ್ಲ, ಅಣ್ಣನ ಮನೆಯಲ್ಲಿ ವಾಸ. ಕೆಲಸ: ಪಂಚಾಯತಿನಲ್ಲಿ ಗುತ್ತಿಗೆಯದು, ಮಾರ್ಚಿಗೆ ಮುಗಿಯುತ್ತದೆ, ಪ್ರತಿವರ್ಷ ನವೀಕರಿಸುತ್ತಾರೆ. ನಾನು ಮಾರ್ಚಿಗೆ ಮುಗಿಯುತ್ತದೆ ಎಂದಷ್ಟೇ ಬರೆದೆ. ನವೀಕರಿಸುವವರೆಗೆ ನವೀಕರಿಸಿದಂತೆ ಅಲ್ಲ.

ಆಗ ಅವಳು ಚೀಲದಿಂದ ಒಂದು ಕಾಗದ ತೆಗೆದಳು. ಗೆರೆ ಹಾಕಿದ ನೋಟ್‌ಪುಸ್ತಕದ ಹಾಳೆ, ಎರಡೂ ಬದಿ ತುಂಬಿತ್ತು. ಮೂವತ್ತೊಂದು ಮನೆಗಳ ಹೆಸರು. ಒಂದೊಂದರ ಎದುರು ಯಾವ ವಾರ ಹೋಗಬೇಕು, ಏನು ಮಾಡಬೇಕು ಎಂದು ಕೋಳಿಕಾಲಿನಂಥ ಅಕ್ಷರದಲ್ಲಿ ಬರೆದಿದ್ದಳು. 'ಕಮಲಕ್ಕ, ಮಗ, ಗುರುವಾರ, ನಳಿಗೆ.' 'ಮಸೀದಿಯ ಹಿಂದಿನ ಅಜ್ಜ, ಮಂಗಳವಾರ, ಕಾಲಿನ ಹುಣ್ಣು, ಉಗುರು.'

"ಇದು ಎಂತಕ್ಕೆ?" ಎಂದೆ.

"ಊರಿಗೆ ಹಿಂದೆ ಬರ್ಲಿಕ್ಕೆ ಕಾರಣ ಎಂತ ಉಂಟು ಅಂತ ಕೇಳಿದ್ದಾರಲ್ಲ ಮೇಡಂ. ಇದೇ ಕಾರಣ. ಇದನ್ನೂ ಇಡಿ."

"ಇದಕ್ಕೆ ಕಾಲಂ ಇಲ್ಲ ಮಾರಾಯ್ತಿ."

"ಕಾಲಂ ಇಲ್ಲದಿದ್ದರೆ ಹಿಂದಿನಿಂದ ಪಿನ್ ಮಾಡಿದರಾಯ್ತು."

ಸರಕಾರಿ ಸೇವೆಯಲ್ಲಿ ಮೊದಲ ವರ್ಷವೇ ಕಲಿತ ಪಾಠ ಒಂದಿದೆ: ಕೇಳದ ಕಾಗದವನ್ನು ಲಗತ್ತಿಸಬಾರದು. ಲಗತ್ತಿಸಿದರೆ ಅದರ ಮೇಲೆ ಪ್ರಶ್ನೆ ಬರುತ್ತದೆ, ಫೈಲು ನಿಲ್ಲುತ್ತದೆ. ಈ ಪಾಠವನ್ನು ನಾನು ನನ್ನ ಕೈಕೆಳಗಿನ ಎಷ್ಟೋ ನರ್ಸುಗಳಿಗೆ ಕಲಿಸಿದ್ದೇನೆ. ಅವಳಿಗೂ ಹೇಳಿದೆ. ಅವಳು ಹಾಳೆಯನ್ನು ನಾಲ್ಕಾಗಿ ಮಡಚಿ ಪಾಸ್‌ಪೋರ್ಟಿನ ಕವರಿನೊಳಗೆ ಇಟ್ಟುಕೊಂಡಳು. ಕೊಚ್ಚಿಗೆ ಹೋಗಿ ವೀಸಾಕ್ಕೆ ಬೆರಳಚ್ಚು ಕೊಡುವ ದಿನ ನಾನೂ ಜೊತೆಗೆ ಹೋದೆ. ರೈಲಿನಲ್ಲಿ ಅವಳು ಕಿಟಕಿಯ ಬದಿ ಕೂತು, ಪ್ರತಿ ಸ್ಟೇಷನ್ನಿನಲ್ಲಿ ಇಳಿಜಾರು ದಾರಿ ಇದೆಯೋ ಬರೀ ಮೆಟ್ಟಿಲೋ ಎಂದು ನನಗೆ ಹೇಳುತ್ತಾ ಬಂದಳು.

ಸಮ್ಮೇಳನಕ್ಕೆ ಹನ್ನೆರಡು ದಿನ ಇರುವಾಗ ಪಾಸ್‌ಪೋರ್ಟು ಹಿಂದೆ ಬಂತು. ಜೊತೆಗೊಂದು ಅಚ್ಚಾದ ಹಾಳೆ. ಅದರಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದ್ದರು. ಪ್ರವಾಸದ ಅವಧಿ ಮುಗಿದ ಮೇಲೆ ಅರ್ಜಿದಾರರು ತಮ್ಮ ಊರಿಗೆ ಮರಳುತ್ತಾರೆಂದು ನಂಬಲು ಸಾಕಷ್ಟು ಆಧಾರವಿಲ್ಲ.

ನಾನು ಎರಡು ಸಲ ಓದಿದೆ. ಅವಳು ನನ್ನ ಕೈಯಿಂದ ತೆಗೆದುಕೊಂಡು ಒಂದು ಸಲ ಓದಿದಳು. ಅಳುತ್ತಾಳೆ ಎಂದುಕೊಂಡೆ. ನಕ್ಕಳು. "ನಾನು ಬರದಿದ್ದರೆ ಗುರುವಾರ ನಳಿಗೆ ಬದಲಿಸುವವರು ಯಾರು ಮೇಡಂ? ಇವರು ಬರ್ತಾರಾ?" ಎಂದಳು. ಆಮೇಲೆ ಹೊಸ್ತಿಲಲ್ಲಿ ಚಪ್ಪಲಿ ಹಾಕುವಾಗ ಅದರ ಬಾರಿನ ಕೊಕ್ಕೆ ಹಾಕಲು ಅವಳ ಕೈಗೆ ಆಗಲಿಲ್ಲ. ಮೂರು ಸಲ ಪ್ರಯತ್ನಿಸಿದಳು. ಕೊನೆಗೆ ಹಾಗೇ ಬಿಟ್ಟು, ಚಪ್ಪಲಿ ಎಳೆದುಕೊಂಡು ಬಸ್‌ಸ್ಟಾಪಿಗೆ ಹೋದಳು. ಗುರುವಾರ ಕಮಲಕ್ಕನ ಮನೆಗೆ ಹೋಗಿ ನಳಿಗೆ ಬದಲಿಸಿ ಬಂದಳು.

ಮೂವತ್ತೊಂದು ಮನೆಗಳ ಆ ಹಾಳೆಯನ್ನು ಲಗತ್ತಿಸಿದ್ದರೆ ವೀಸಾ ಸಿಗುತ್ತಿತ್ತೇ? ಡಾಕ್ಟರನ್ನು ಕೇಳಿದೆ. "ಇಲ್ಲ ಮೇಡಂ, ಅವರು ಅದನ್ನೆಲ್ಲ ಓದುವುದಿಲ್ಲ" ಎಂದರು. ಇರಬಹುದು. ಆದರೆ ಓದದೆ ಬಿಡುವ ಅವಕಾಶವನ್ನೂ ನಾನು ಅವರಿಗೆ ಕೊಡಲಿಲ್ಲ. ಅವರಿಗಿಂತ ಮೊದಲು ನಾನೇ ತಿರಸ್ಕರಿಸಿದ್ದೆ.

ಸಮ್ಮೇಳನದ ದಿನ ಅವಳ ಬದಲಿಗೆ ಆ ನಗರದವರೇ ಒಬ್ಬರು ಅವಳ ಪ್ರಬಂಧ ಓದುವುದೆಂದು ಆಯಿತು. ಅವಳು ಆನ್‌ಲೈನಿನಲ್ಲಿ ಕೇಳಬಹುದು. ಇಲ್ಲಿ ಆಗ ಮಧ್ಯಾಹ್ನ ಮೂರೂವರೆ. ಅವಳು ಕಮಲಕ್ಕನ ಮನೆಯಲ್ಲಿದ್ದಳು. ನಾನೂ, ಡಾಕ್ಟರೂ ಹೋಗಿದ್ದೆವು. ಮನೆಯೊಳಗೆ ಸಿಗ್ನಲ್ ಇಲ್ಲ. ಅಂಗಳದ ಮೂಲೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಫೋನನ್ನು ಒಂದು ಚೊಂಬಿಗೆ ಒರಗಿಸಿ ಇಟ್ಟು ನಾಲ್ಕು ಹೆಂಗಸರು ಬಗ್ಗಿ ಕೂತೆವು.

ಓದಿದವರು ಚೆನ್ನಾಗಿಯೇ ಓದಿದರು. ಡಾಕ್ಟರ್ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಪರದೆಯಲ್ಲಿ ಕ್ಯಾಲೆಂಡರಿನ ಫೋಟೋ ಬಂದಾಗ ಕಮಲಕ್ಕ, "ಅಯ್ಯೋ ದೇವರೇ, ನನ್ನ ಗೋಡೆ!" ಎಂದು ಬಾಯಿಗೆ ಸೆರಗು ಹಿಡಿದಳು. ಮುಗಿದ ಮೇಲೆ ಸಭೆಯಿಂದ ಯಾರೋ ಕೇಳಿದರು: ಬಡವರ ಮನೆಯಲ್ಲಿ ಕ್ಯಾಲೆಂಡರ್ ಇಲ್ಲದಿದ್ದರೆ ಏನು ಮಾಡುತ್ತೀರಿ? ಓದಿದವರು ತಡವರಿಸಿದರು. ಅದನ್ನು ಮುಂದೆ ಅಧ್ಯಯನ ಮಾಡಬೇಕಾಗಿದೆ ಎಂದರು.

ಅವಳು ಫೋನಿಗೆ ಬಾಯಿ ಹಚ್ಚಿ ಕೂಗಿದಳು: "ಕ್ಯಾಲೆಂಡರ್ ಇಲ್ಲದ ಮನೆ ಎಲ್ಲಿ ಉಂಟು ಮಾರಾಯ್ರೆ? ಚಿನ್ನದಂಗಡಿಯವರು ಪುಕ್ಕಟೆ ಕೊಡ್ತಾರೆ! ಬಟ್ಟೆ ಅಂಗಡಿಯವರು ಕೊಡ್ತಾರೆ! ಇಲ್ಲದಿದ್ದರೆ ಗೋಡೆಗೇ ಬೊಟ್ಟು ಇಟ್ಟರಾಯ್ತು!"

"ಸಿಸ್ಟರ್, ಅವರಿಗೆ ಕೇಳುವುದಿಲ್ಲ" ಎಂದರು ಡಾಕ್ಟರ್. "ನಮ್ಮ ಮೈಕು ಅವರ ಕಡೆಯಿಂದ ಬಂದ್ ಮಾಡಿದ್ದಾರೆ."

ಪರದೆಯಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು. ಹೋಗಿ ನೋಡಿದರೆ ಕಮಲಕ್ಕನ ಮಗನ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಗುರು ಕತ್ತರಿಸುತ್ತಿದ್ದಳು.

ಒಂದು ತಿಂಗಳ ಬಳಿಕ ಅವಳು ಸಮ್ಮೇಳನದವರಿಗೆ ಪತ್ರ ಬರೆಸಿದಳು. ನಾನು ಕನ್ನಡದಲ್ಲಿ ಬರೆದುಕೊಂಡೆ, ಡಾಕ್ಟರ್ ಇಂಗ್ಲಿಷ್ ಮಾಡಿದರು. ಅದರಲ್ಲಿ ಸಿಟ್ಟು ಇರಲಿಲ್ಲ. ನಾವು ಇಲ್ಲಿ ಸಭೆಯ ಜಾಗ ಗೊತ್ತು ಮಾಡುವ ಮೊದಲು ಖಾಲಿ ವೀಲ್‌ಚೇರ್ ದೂಡಿ ನೋಡುತ್ತೇವೆ, ನೀವೂ ಊರು ಗೊತ್ತು ಮಾಡುವ ಮೊದಲು ಹಾಗೇ ಮಾಡಿ ಎಂದು ಹೇಳಿದಳು. ಆ ಊರಿಗೆ ತನ್ನಂಥ ಒಬ್ಬಳು ಮೊದಲು ವೀಸಾಕ್ಕೆ ಅರ್ಜಿ ಹಾಕಲಿ. ಬಾಗಿಲು ತೆರೆದರೆ ಅಲ್ಲಿ ಸಭೆ ಮಾಡಿ, ತೆರೆಯದಿದ್ದರೆ ಬೇರೆ ಊರು ನೋಡಿ. ಹಣ ಇರುವವರು ಎಲ್ಲಿಗೆ ಬೇಕಾದರೂ ಬರುತ್ತಾರೆ. ಕೊನೆಯಲ್ಲಿ, "ದೂರದಿಂದ ಕೇಳುವವರ ಮೈಕು ಬಂದ್ ಮಾಡಬೇಡಿ ಅಂತ ಬರೆಯಿರಿ ಮೇಡಂ. ದಯವಿಟ್ಟು ಅಂತಲೂ ಬರೆಯಿರಿ" ಎಂದಳು. ಧನ್ಯವಾದ ಎಂದು ಎರಡು ಸಾಲಿನ ಉತ್ತರ ಬಂತು. ನಾವು ಮರೆತೆವು.

ಕಳೆದ ವರ್ಷ ಮಳೆ ಬಿಡುವ ಹೊತ್ತಿಗೆ ಅವಳಿಗೆ ಹೊಟ್ಟೆನೋವು ಸುರುವಾಯಿತು. ಬೇರೆಯವರ ಮನೆಯ ಬೊಟ್ಟು ಎಣಿಸುವವಳು ತನ್ನದನ್ನು ಯಾರಿಗೂ ಹೇಳಲಿಲ್ಲ. ಮಂಗಳೂರಿನಲ್ಲಿ ತೋರಿಸುವಾಗ ಹೊತ್ತು ಮೀರಿತ್ತು. ಜನವರಿಯಿಂದ ಹಾಸಿಗೆ. ಅದೇ ಜೀಪು, ಅದೇ ಡ್ರೈವರ್, ಹೊಸ ನರ್ಸ್, ಮಂಗಳವಾರ ಮಂಗಳವಾರ ಅವಳ ಅಣ್ಣನ ಮನೆಗೆ ಬರತೊಡಗಿದರು. ನಾನು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಹನ್ನೊಂದಕ್ಕೆ ಹೊರಡುತ್ತಿದ್ದೆ. ಅವಳ ಚಾದರದ ಮೂಲೆಗಳನ್ನು ಹಾಸ್ಟೆಲಿನಲ್ಲಿ ಕಲಿತಂತೆ ಮಡಚುವುದು ನನ್ನ ಕೆಲಸ. "ಕಾಲು ಆಡಿಸ್ಲಿಕ್ಕೆ ಆಗುವುದಿಲ್ಲ ಮೇಡಂ, ಜೈಲಿನ ಹಾಗೆ ಮಾಡ್ತೀರಿ" ಎಂದು ಬೈಯುವಳು. ನಾನು ಒಂದು ಮೂಲೆ ಸಡಿಲ ಬಿಡುವೆ. ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಅತ್ತಿಗೆ ಬೊಟ್ಟು ಇಡುತ್ತಿದ್ದಳು. ಮಾರ್ಚಿನಲ್ಲಿ ಬೊಟ್ಟಿಲ್ಲದ ದಿನಗಳು ಮೂರೇ ಇದ್ದವು.

ಆ ಮಾರ್ಚಿನಲ್ಲೇ ಸಮ್ಮೇಳನದವರ ಪತ್ರ ಬಂತು. ಅವಳ ಪತ್ರವನ್ನು ಅವರು ಮರೆತಿರಲಿಲ್ಲ. ಮುಂದಿನ ಸಭೆಯನ್ನು ಏಷ್ಯಾದ ಒಂದು ನಗರದಲ್ಲಿ ಇಟ್ಟಿದ್ದರು; ನಮ್ಮಂಥವರಿಗೆ ಅಲ್ಲಿ ಇಳಿದ ಮೇಲೆ ವೀಸಾ ಕೊಡುತ್ತಾರಂತೆ. ಮೊದಲ ದಿನದ ಮೊದಲ ಮಾತು ಅವಳದು. ಬರುತ್ತೀರಾ ಎಂದು ಕೇಳಿದ್ದರು. ಡಾಕ್ಟರ್ ಓದಿ ಹೇಳುವಾಗ ಅವಳನ್ನು ಜಗಲಿಯಲ್ಲಿ ವೀಲ್‌ಚೇರಿನಲ್ಲಿ ಕೂರಿಸಿದ್ದೆವು. ವಿದ್ಯಾನಗರಕ್ಕೆ ದೂಡಿಕೊಂಡು ಹೋಗಿದ್ದ ಅದೇ ಕುರ್ಚಿ.

ಅವಳು ಕುರ್ಚಿಯ ಕೈಯನ್ನು ಮೆಲ್ಲನೆ ತಟ್ಟಿದಳು. "ಈಗ ಇದು ಖಾಲಿ ಇಲ್ಲವಲ್ಲ ಡಾಕ್ಟ್ರೆ," ಎಂದಳು.

ಮತ್ತೆ ತಾನೇ ಹೇಳಿದಳು: "ಕಮಲಕ್ಕ ಮಾತಾಡಲಿ. ಬೊಟ್ಟು ಇಟ್ಟದ್ದು ಅವಳೇ ಅಲ್ಲವಾ? ಮಗನನ್ನು ಬಿಟ್ಟು ಹೋಗ್ಲಿಕ್ಕಾಗುವುದಿಲ್ಲ ಅವಳಿಗೆ. ಅಂಗಳದಿಂದಲೇ ಮಾತಾಡಲಿ. ಮೈಕು ಬಂದ್ ಮಾಡದಿದ್ದರೆ ಸಾಕು." ಡಾಕ್ಟರ್ ಹಾಗೇ ಬರೆದರು. ಅವರು ಒಪ್ಪಿದರು. ಸಮ್ಮೇಳನದ ಮೊದಲ ಮಾತು ತುಳುವಿನಲ್ಲಿ ಇರುತ್ತದೆ. ಡಾಕ್ಟರ್ ಕಮಲಕ್ಕನ ಅಂಗಳಕ್ಕೇ ಹೋಗಿ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಈ ಸುದ್ದಿ ಕೇಳಲು ಅವಳಿದ್ದಳು. ಅದಾಗಿ ಒಂಬತ್ತು ದಿನಕ್ಕೆ ಹೋದಳು.

ಬುಧವಾರ ನೂರು ಪದ ಬರೆದಾದ ಮೇಲೆ ಫೋಟೋ ಬೇಕಾಯಿತು. ಅವಳಿಗೆ ಫೋಟೋ ತೆಗೆಸಿಕೊಳ್ಳುವ ಅಭ್ಯಾಸವಿರಲಿಲ್ಲ. ಪಾಸ್‌ಪೋರ್ಟಿಗೆ ತೆಗೆಸಿದ್ದರ ಪ್ರತಿ ಇರಬಹುದೆಂದು ಅತ್ತಿಗೆ ಕಪಾಟು ತೆರೆದು ಪಾಸ್‌ಪೋರ್ಟಿನ ಕವರು ತಂದುಕೊಟ್ಟಳು. ಫೋಟೋ ಇತ್ತು. ಅದರ ಹಿಂದೆ ನಾಲ್ಕಾಗಿ ಮಡಚಿದ ಆ ಹಾಳೆಯೂ ಇತ್ತು.

ಅಂದಿನಿಂದಲೂ ಅವಳು ಅದನ್ನು ತಿದ್ದುತ್ತಾ ಬಂದಿದ್ದಳು. ತೀರಿಕೊಂಡವರ ಹೆಸರಿಗೆ ಒಂದೊಂದು ಅಡ್ಡಗೆರೆ, ಕೈಯಲ್ಲೇ ಎಳೆದ ವಕ್ರ ಗೆರೆ. ಮಸೀದಿಯ ಹಿಂದಿನ ಅಜ್ಜನಿಗೆ ಗೆರೆ ಬಿದ್ದಿತ್ತು. ಹೊಸಬರ ಹೆಸರನ್ನು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದ್ದಳು. ವರದಿ ಒಂದನ್ನೂ ಸಮಯಕ್ಕೆ ಕೊಡದವಳು ಯಾರೂ ಕೇಳದ ಈ ಕಾಗದವನ್ನು ಒಂದು ದಿನವೂ ಬಾಕಿ ಇಟ್ಟಿರಲಿಲ್ಲ. ಹಿಂಬದಿಯ ತೀರಾ ಕೆಳಗೆ, ಜಾಗ ಮುಗಿಯುವಲ್ಲಿ, ಜನವರಿಯಲ್ಲಿ ಹಾಸಿಗೆ ಹಿಡಿದ ಮೇಲೆ ಬರೆದ ಕೊನೆಯ ಸಾಲು. ಅವಳ ಅಣ್ಣನ ಮನೆಯ ಹೆಸರು. 'ಮಂಗಳವಾರ, ನೋವಿನ ಮಾತ್ರೆ. ಉಗುರು.'

ಆ ಸಾಲಿಗೆ ಗೆರೆ ಇರಲಿಲ್ಲ. ಎಳೆಯಬೇಕಾದವಳು ಇರಲಿಲ್ಲ.

ನಾನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದೆ. ಪಟ್ಟಿ ಅಪೂರ್ಣವಾಗಿ ಹೋಗಬಾರದು. ಸ್ಕೇಲು ಇಟ್ಟು, ಗೆರೆ ಎಳೆದೆ. ಅವಳ ಗೆರೆಗಳ ನಡುವೆ ಅದೊಂದೇ ನೆಟ್ಟಗಿದೆ. ಆಮೇಲೆ ಎರಡೂ ಬದಿಯ ಫೋಟೋ ತೆಗೆದು ನೂರು ಪದಗಳ ಹಿಂದೆ ಲಗತ್ತಿಸಿದೆ. ಅವರು ಅದನ್ನು ಕೇಳಿರಲಿಲ್ಲ.